ದೋಷವಿಲ್ಲ ಎಂದು ಬರೆದವರು

ಅಧಿಕಾರಿಗಳ ಬಿಡಾರ, ಪಂಜಾಬ್
18 ಜುಲೈ 1965

ಪೂಜ್ಯ ದಾರ್‌ಜೀ,

ಸತ್ ಶ್ರೀ ಅಕಾಲ್. ಮದುವೆಯಾದ ಐದೇ ವಾರಕ್ಕೆ ಸೊಸೆ ಮಾವನಿಗೆ ಸಿಟ್ಟಿನ ಕಾಗದ ಬರೆಯಬಾರದೆಂದು ಅಮ್ಮ ಹೇಳಿಯೇ ಕಳಿಸಿದ್ದಳು. ಆದರೆ ಯಾರಿಗಾದರೂ ಬರೆಯದಿದ್ದರೆ ನಾನು ಒಡೆದೇ ಹೋಗುತ್ತೇನೆ! ಶಿಮ್ಲಾದ ಕಾನ್ವೆಂಟಿನಲ್ಲಿ ಸಿಸ್ಟರ್ "ಗುಣೀತ್, ಒಂದು ಕಾಗದಕ್ಕೆ ಒಂದು ಆಶ್ಚರ್ಯಚಿಹ್ನೆ ಸಾಕು" ಎನ್ನುತ್ತಿದ್ದರು. ಇವತ್ತು ಆ ಮಾತು ಪಾಲಿಸುವುದಿಲ್ಲ!

ಮೊದಲು ಒಳ್ಳೆಯದು. ನಿಮ್ಮ ಮಗ ಇಡೀ ವಾಯುದಳದಲ್ಲೇ ಚೆಂದದವನು. ಗಡ್ಡಕ್ಕೆ ಬಲೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತರೆ ನಾನು ಚಹಾ ಉಕ್ಕಿಸಿಬಿಡುತ್ತೇನೆ. ಅವನ ವಿಮಾನವನ್ನೂ ನೋಡಿದೆ. ಎಷ್ಟು ಪುಟ್ಟದು! ನೆಲದ ಮೇಲೆ ನಿಂತೇ ಒಳಗೆ ಕೂತವನ ಮೂಗು ಹಿಂಡಬಹುದು. ಹಿಂಡಿದೆ. ಇಲ್ಲಿ ಎಲ್ಲರೂ ಅದನ್ನು ಗುಬ್ಬಿ ಎನ್ನುತ್ತಾರೆ. "ಗಡಿಯಾಚೆಯವ್ರ ಯುದ್ಧವಿಮಾನ ಸೇಬರ್‌ಗೆ ಅಮೆರಿಕದ ಕ್ಷಿಪಣಿ ಇದೆ ಗುನ್ನಿ. ಅದು ಶಾಖ ಹುಡುಕ್ಕೊಂಡು ಹೋಗುತ್ತೆ. ಅವ್ರ ಪೈಲಟ್‌ಗೆ ಕಿವೀಲಿ ಗುರ್ರ್ ಅಂತ ಕೇಳಿಸುತ್ತೆ, ಒತ್ತಿದ್ರೆ ಮುಗೀತು. ನಮ್ಗಿರೋದು ಎರಡು ಗನ್ನು, ಹಿಂದೆ ತಿರುಗಿ ನೋಡೋಕೆ ಒಂದು ಕತ್ತು" ಎಂದ ತೇಜ್. ನಾನು ಆ ಕತ್ತಿಗೆ ಮುತ್ತಿಟ್ಟೆ. ಕ್ಷಮಿಸಿ, ಇದನ್ನೆಲ್ಲ ನಿಮಗೆ ಬರೆಯಬಾರದು.

ಈಗ ಸಿಟ್ಟು. ಭಾನುವಾರ ದಳದ ಊಟ. ನಾನು ಅಮ್ಮ ಕೊಟ್ಟ ಗುಲಾಬಿ ಸೂಟು ಹಾಕಿಕೊಂಡು ಹೋದೆ. ನೋಡಿದರೆ ನನ್ನ ಗಂಡ ಸೊಂಟಕ್ಕೆ ಅಡುಗೆಯವನ ಬಟ್ಟೆ ಕಟ್ಟಿಕೊಂಡು ತಗಡಿನ ಬಕೆಟಿನಲ್ಲಿ ದಾಲ್ ಹೊತ್ತು ಎಲ್ಲರಿಗೂ ಬಡಿಸುತ್ತಿದ್ದಾನೆ! ಕಮಾಂಡರ್ ಭರೂಚಾ ಸಾಹೇಬರು "ದಾರಿ ಬಿಡಿ, ಬಕೆಟ್ ಸಾಹೇಬ್ರು ಬಂದ್ರು!" ಎಂದು ಕೂಗುತ್ತಾರೆ, ಮಕ್ಕಳು ಚಮಚದಿಂದ ತಟ್ಟೆ ಬಡಿಯುತ್ತವೆ. ಅವನ ಹಾರಾಟದ ಜೋಡಿಯ ಮುಂದಾಳು ಲಾಹಿರಿ ನನ್ನ ಹತ್ತಿರ ಬಂದು "ಅತ್ತಿಗೆ, ನಿಮ್ಮ ಯಜಮಾನ್ರು ದಾಲ್ ವಿಷಯದಲ್ಲಿ ಗುರಿ ತಪ್ಪಲ್ಲ ನೋಡಿ" ಎಂದ. ಒಳ್ಳೆಯವನೇ, ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ.

ಕಾರಣ ಏನೆಂದರೆ ಗುರುವಾರ ಗುರಿಮೈದಾನದಲ್ಲಿ ತೇಜ್‌ನ ಗನ್ನು ನಿಂತುಹೋಯಿತಂತೆ. ಇಳಿದ ಮೇಲೆ ವಿಮಾನದ ದೋಷಪುಸ್ತಕದಲ್ಲಿ ಹಾಗೆಂದು ಬರೆದ. ಗನ್ನು ನಿಂತಿತೆಂದು ಬರೆದವನು ಭಾನುವಾರ ಬಕೆಟ್ ಹೊರಬೇಕು, ಅದು ದಳದ ಪದ್ಧತಿ. ಭರೂಚಾ ಸಾಹೇಬರ ಹೆಂಡತಿ ಫ್ರೇನಿ ನನ್ನ ಬೆನ್ನು ತಟ್ಟಿ "ಅಳ್ಬೇಡ ಮಗೂ. ಇಲ್ಲಿ ಗನ್ನು ನಿಲ್ಲಲ್ಲ, ಪೈಲಟ್ ಕೈ ನಿಲ್ಲುತ್ತೆ ಅಂತ ಲೆಕ್ಕ" ಎಂದರು. ಯಾವ ಮೂರ್ಖ ಕಂಡುಹಿಡಿದ ಪದ್ಧತಿ ಇದು? ನೀವು ಹದಿನೈದು ವರ್ಷ ಇದೇ ದಳಗಳಿಗೆ ಗುರಿ ಕಲಿಸಿದವರು. ಒಂದು ಮಾತು ಹೇಳಿ ನಿಲ್ಲಿಸಬಾರದೇ?

ನಿಮ್ಮ ಸೊಸೆ,
ಗುನ್ನಿ

•

ಡೆಹ್ರಾಡೂನ್
27 ಜುಲೈ 1965

ಪ್ರಿಯ ಗುಣೀತ್,

ಕಾಗದ ತಲುಪಿತು. ಬಕೆಟ್ ಹೊತ್ತು ಯಾರೂ ಸತ್ತಿಲ್ಲ.

ಒತ್ತಿ ಹಿಡಿದು ಉದ್ದಕ್ಕೆ ಗುಂಡು ಹಾರಿಸುವವನ ಗನ್ನು ನಿಲ್ಲುತ್ತದೆ. ಹತ್ತಿರ ಹೋಗಿ, ಉಸಿರು ಹಿಡಿದು, ಸ್ವಲ್ಪಸ್ವಲ್ಪವೇ ಹಾರಿಸುವವನದು ನಿಲ್ಲುವುದಿಲ್ಲ. ಪದ್ಧತಿ ಹಳೆಯದು, ಅದಕ್ಕೆ ಕಾರಣವಿದೆ. ಬರ್ಮಾದಲ್ಲಿ ಜಪಾನಿಯರ ವಿಮಾನ ನಮ್ಮದಕ್ಕಿಂತ ಚುರುಕಾಗಿತ್ತು. ಯಂತ್ರವನ್ನು ದೂರುತ್ತ ಕೂತವರು ಅಲ್ಲೇ ಉಳಿದರು. ನೆರೆಯವರ ಬಳಿ ಇರುವುದು ನಮ್ಮ ಬಳಿ ಇಲ್ಲ, ಇನ್ನು ಹತ್ತು ವರ್ಷ ಇರುವುದೂ ಇಲ್ಲ. ನಮಗಿರುವುದು ಕೈ.

ಮುಂದಿನ ಸಲ ಬಕೆಟಿನ ಸುದ್ದಿ ಬೇಡ. ಅವನ ಗುರಿಯ ಅಂಕ ಬರೆ.

ನಿರ್ಮೋಲಕ್ ಸಿಂಗ್ ಸಂಧು

•

ಅಧಿಕಾರಿಗಳ ಬಿಡಾರ
30 ಆಗಸ್ಟ್ 1965

ಪೂಜ್ಯ ದಾರ್‌ಜೀ,

ಅಂಕ ಬೇಕೆಂದಿರಲ್ಲ, ತಗೊಳ್ಳಿ! ದಳದ ಹುಡುಗರಲ್ಲಿ ತೇಜ್ ಎರಡನೆಯವನು, ಲಾಹಿರಿ ಮೊದಲನೆಯವನು. ಆರು ಭಾನುವಾರಗಳಿಂದ ಬಕೆಟ್ ಗೋಡೆಗೆ ನೇತಾಡುತ್ತಿದೆ. ಯಾರ ಗನ್ನೂ ನಿಲ್ಲುತ್ತಿಲ್ಲ! ಪುಸ್ತಕದ ತುಂಬ "ದೋಷವಿಲ್ಲ, ದೋಷವಿಲ್ಲ" ಎಂದು ಭರೂಚಾ ಸಾಹೇಬರು ದೊಡ್ಡವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದಾರೆ. ಗನ್ನುಗಳನ್ನು ನೋಡಿಕೊಳ್ಳುವ ಸಾರ್ಜೆಂಟ್ ಮಾತಾದೀನ್ ಮಾತ್ರ ಯಾಕೋ ಸೊರಗಿದ್ದಾನೆ. ಹಾರಾಟವಿಲ್ಲದ ದಿನವೂ ಹ್ಯಾಂಗರಿನಲ್ಲೇ ಇರುತ್ತಾನೆ. ತೇಜ್ ಅವನಿಗೆ ವಾರಕ್ಕೊಮ್ಮೆ ನನ್ನಿಂದ ಬೇಸನ್ ಲಾಡು ಮಾಡಿಸಿ ಕಳಿಸುತ್ತಾನೆ.

ಗಡಿಯಲ್ಲಿ ಏನೋ ನಡೆಯುತ್ತಿದೆ. ನನಗೆ ಭಯವಿಲ್ಲ. ಸ್ವಲ್ಪವೇ ಇದೆ.

ಗುನ್ನಿ

•

ಡೆಹ್ರಾಡೂನ್
19 ಸೆಪ್ಟೆಂಬರ್ 1965

ಗುಣೀತ್,

ತೇಜ್‌ನಿಂದ ಕಾಗದವಿಲ್ಲ. ಲಾಹಿರಿ ಹೋದನೆಂದು ಪತ್ರಿಕೆಯಲ್ಲಿ ಓದಿದೆ. ದೆಹಲಿಯಿಂದ ಹಳೆಯ ಸ್ನೇಹಿತನೊಬ್ಬ ಫೋನ್ ಮಾಡಿದ್ದ. ಲಾಹಿರಿಯ ಬೆನ್ನಿಗೆ ಸೇಬರ್ ಬಿದ್ದಿತ್ತಂತೆ. ಆ ಸೇಬರ್‌ನ ಬೆನ್ನಿಗೆ ತೇಜ್ ಇದ್ದನಂತೆ, ಮುನ್ನೂರು ಗಜದಲ್ಲಿ, ಎಂಟು ಸೆಕೆಂಡು. ಎರಡು ಗುಂಡು ಬಿಟ್ಟು ಕೈ ತೆಗೆದನಂತೆ.

ಸುಳ್ಳೆಂದು ಬರೆ.

ನಿ. ಸಿಂ.

•

ಅಧಿಕಾರಿಗಳ ಬಿಡಾರ
25 ಸೆಪ್ಟೆಂಬರ್ 1965

ದಾರ್‌ಜೀ,

ಸುಳ್ಳು. ಸುಳ್ಳು. ಸುಳ್ಳು. ಇನ್ನೆಷ್ಟು ಸಲ ಬರೆಯಲಿ?

ತೇಜ್ ನನಗೆ ಹೇಳಿದ್ದನ್ನು ಇಲ್ಲಿ ಇಳಿಸುತ್ತೇನೆ, ಅವನು ಯಾರಿಗೂ ಹೇಳುತ್ತಿಲ್ಲ. ಹದಿಮೂರನೆಯ ತಾರೀಕು ಬೆಳಿಗ್ಗೆ. ಸೇಬರ್ ಲಾಹಿರಿಯ ಹಿಂದೆ ಬಂತು, ತೇಜ್ ಸೇಬರ್‌ನ ಹಿಂದೆ. ಲಾಹಿರಿ ಬೇಕೆಂದರೆ ತಪ್ಪಿಸಿಕೊಂಡು ಕೆಳಗೆ ಧುಮುಕಬಹುದಿತ್ತು. ಹಾಗೆ ಮಾಡಲಿಲ್ಲ. ರೇಡಿಯೋದಲ್ಲಿ "ಇವನನ್ನ ಹಿಂಗೇ ತಿರುವಲ್ಲಿ ಹಿಡ್ಕೊಂಡಿರ್ತೀನಿ, ನೀನು ಹೊಡಿ ತೇಜ್" ಎಂದ. ಶತ್ರುವಿಗೆ ತನ್ನ ಬೆನ್ನು ತೋರಿಸಿ ಗೆಳೆಯನಿಗೆ ಗುರಿ ಒಡ್ಡಿದ. ತೇಜ್ ಒತ್ತಿದ. ಎಡಗನ್ನು ಎರಡು ಗುಂಡಿಗೆ ನಿಂತಿತು. ಬಲಗನ್ನು ಬಾಯೇ ಬಿಡಲಿಲ್ಲ. ಅವನು ಒತ್ತಿಯೇ ಇದ್ದ, ದಾರ್‌ಜೀ. ಬೆರಳು ಬಿಳಿಚುವವರೆಗೆ ಒತ್ತಿದ. "ನಿಂತೋಯ್ತು, ಧುಮುಕು, ಧುಮುಕು!" ಎಂದು ಕಿರುಚಿದ. ಅಷ್ಟರಲ್ಲಿ ಆಯಿತು.

ಗುಂಡು ಹಾರಿಸುವಾಗ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಫಿಲ್ಮೇ ಇರಲಿಲ್ಲ. ಯುದ್ಧದ ಮೊದಲ ವಾರದಲ್ಲೇ ಮುಗಿದಿತ್ತು. ಇನ್ನು ಕೇಳಿ. ಇಳಿದ ಮೇಲೆ ಅವನ ಕೈಗೆ ದೋಷಪುಸ್ತಕ ಕೊಟ್ಟರು. ಅವನು ಬರೆದ. ಏನು ಬರೆದ ಗೊತ್ತೇ? "ದೋಷವಿಲ್ಲ." ಅವನ ಕೈ ಅದನ್ನು ಬಿಟ್ಟು ಬೇರೆ ಬರೆಯುವುದನ್ನೇ ಮರೆತಿತ್ತು. ಸಿಕ್ಕಿಕೊಂಡ ಗುಂಡನ್ನು ಮಾತಾದೀನ್ ಎಂದಿನಂತೆ ಹತ್ತು ನಿಮಿಷದಲ್ಲಿ ಬಿಡಿಸಿ ಒರೆಸಿಟ್ಟ. ಮರುದಿನ ನೆಲದ ಮೇಲೆ ಪರೀಕ್ಷೆ ಮಾಡಿದರು. ನೆಲದ ಮೇಲೆ ಗನ್ನು ಢಮಢಮ ಎಂದು ಹಾಡಿತು! ಮಾತಾದೀನ್ ವಿಚಾರಣೆಯಲ್ಲಿ "ನೆನಪಿಲ್ಲ ಸಾರ್" ಎಂದ.

ಮೂವರು ಅಧಿಕಾರಿಗಳು ವಿಚಾರಣೆ ನಡೆಸುತ್ತಿದ್ದಾರೆ. ಡಿಸೆಂಬರ್ ಮೊದಲ ವಾರ ತೀರ್ಪು. ಧೈರ್ಯ ಸಾಲದವನು ಎಂದು ಬರೆದರೆ ಅವನ ಎದೆಯ ರೆಕ್ಕೆಯ ಗುರುತು ಕಿತ್ತು ಮನೆಗೆ ಕಳಿಸುತ್ತಾರೆ. ಲಾಹಿರಿಯ ಹೆಂಡತಿ ಶುಕ್ಲಾ ಕಲ್ಕತ್ತೆಗೆ ಹೊರಡುವ ದಿನ ನಾನು ಅಪ್ಪಿಕೊಳ್ಳಲು ಹೋದೆ. "ಮುಟ್ಬೇಡ" ಎಂದಳು.

ಇಲ್ಲಿಯ ರೇಡಿಯೋ ಅಮೆರಿಕದ ಯಂತ್ರವನ್ನು ಭಾರತದ ಕೈ ಸೋಲಿಸಿತೆನ್ನುತ್ತದೆ. ಲಾಹೋರ್ ಸ್ಟೇಷನ್ ತಿರುಗಿಸಿದರೆ ಅವರೂ ತಮ್ಮ ಪೈಲಟ್‌ಗಳ ಕೈಚಳಕವನ್ನೇ ಹೊಗಳುತ್ತಾರೆ. ಎರಡೂ ಕಡೆ ಬರೀ ಕೈ! ಸ್ಪ್ರಿಂಗು, ಸರಪಣಿ, ಸಿಕ್ಕಿಕೊಂಡ ಗುಂಡು, ಇವುಗಳ ಹೆಸರೆತ್ತುವವರಿಲ್ಲ.

ಒಂದು ಸಾಲು ಬರೆಯಿರಿ. ಅವನಿಗೆ ಬರೆಯಿರಿ. ನಂಬುತ್ತೇನೆಂದು ಬರೆಯಿರಿ.

ಗುಣೀತ್

•

ಡೆಹ್ರಾಡೂನ್
3 ಅಕ್ಟೋಬರ್ 1965

ಗುಣೀತ್,

ಎರಡು ಸಲ ಓದಿದೆ. ಗಂಡನ ಮೇಲಿನ ನಿನ್ನ ಅಭಿಮಾನ ನನಗೆ ಅರ್ಥವಾಗುತ್ತದೆ.

ಎರಡೂ ಗನ್ನು ಒಟ್ಟಿಗೆ ನಿಲ್ಲುವುದನ್ನು ನಾನು ಮೂವತ್ತು ವರ್ಷದಲ್ಲಿ ಎರಡೇ ಸಲ ಕಂಡಿದ್ದೇನೆ. ಆದರೆ ಒಳ್ಳೆಯ ಹುಡುಗರ ಕೈ ಹೆಪ್ಪುಗಟ್ಟುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದು ಪಾಪವಲ್ಲ. ಎದುರು ನಿಂತು "ಹೆದರಿದೆ" ಎಂದವನನ್ನು ದಳ ಕ್ಷಮಿಸುತ್ತದೆ. ಯಂತ್ರದ ಹಿಂದೆ ಅಡಗಿದವನನ್ನು ಕ್ಷಮಿಸುವುದಿಲ್ಲ. ಪುಸ್ತಕದಲ್ಲಿ ಅವನದೇ ಅಕ್ಷರವಿದೆ. ಒಪ್ಪಿಕೊಳ್ಳಲು ಹೇಳು. ಅವನ ತಂದೆಯಾಗಿ ಹೇಳುತ್ತಿದ್ದೇನೆ, ಮನೆಯ ಬಾಗಿಲು ಅವನಿಗೆ ತೆರೆದೇ ಇದೆ.

ನಿ. ಸಿಂ.

•

12 ಅಕ್ಟೋಬರ್ 1965

ಸ್ಕ್ವಾಡ್ರನ್ ಲೀಡರ್ ಸಂಧು ಅವರಿಗೆ,

ನಿಮ್ಮ ಕಾಗದವನ್ನು ತೇಜ್ ನನ್ನ ಕೈಯಿಂದ ಕಿತ್ತುಕೊಂಡು ಓದಿದ. ಮಡಚಿ ಮೇಜಿನ ಮೇಲಿಟ್ಟು, ಶೂ ಬಿಚ್ಚಿ, ಮಧ್ಯಾಹ್ನದ ಮೂರು ಗಂಟೆಗೆ ಗೋಡೆ ಕಡೆ ತಿರುಗಿ ಮಲಗಿದ. "ಅಪ್ಪನೇ ಹಿಂಗಂದ್ರೆ, ಇನ್ನು ಬಿಡು ಗುನ್ನಿ" ಎಂದ. ನಾಳೆ ಹೋಗಿ "ಹೆದರಿದೆ" ಎಂದು ಬರೆದುಕೊಡುತ್ತಾನಂತೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೇನೆ. ಬೆನ್ನು ಕೊಟ್ಟೇ ಬರೆಯುತ್ತಿದ್ದೇನೆ.

ಮುನ್ನೂರು ಗಜದವರೆಗೆ ಹೋದವನು, ಎಂಟು ಸೆಕೆಂಡು ಅಲ್ಲೇ ಕಚ್ಚಿಕೊಂಡವನು ಹೆದರಿದವನೇ? ಹೆದರಿದವನು ಅಷ್ಟು ಹತ್ತಿರ ಯಾಕೆ ಹೋಗುತ್ತಾನೆ? ಡೆಹ್ರಾಡೂನಿನ ಗುಲಾಬಿ ಗಿಡಗಳ ಮಧ್ಯೆ ಕೂತು ಇಷ್ಟೂ ಹೊಳೆಯಲಿಲ್ಲವೇ ನಿಮಗೆ?

ನಿಮ್ಮ ಬಾಗಿಲು ಮುಚ್ಚಿಕೊಳ್ಳಿ. ನಮಗೆ ಬೇಡ.

ಗುಣೀತ್ ಕೌರ್

•

29 ಅಕ್ಟೋಬರ್ 1965

ಹದಿನೇಳು ದಿನವಾಯಿತು. ಉತ್ತರವಿಲ್ಲ. ಒಳ್ಳೆಯದೇ, ಈಗ ನಾನು ಬರೆಯುವುದಕ್ಕೂ ಉತ್ತರ ಬೇಡ. ಹೆದರಿದೆನೆಂದು ಬರೆದುಕೊಡಲು ತೇಜ್‌ನನ್ನು ನಾನು ಬಿಡಲಿಲ್ಲ, ಗನ್ನು ನಿಂತಿತ್ತು, ಕೈ ತಾನಾಗಿ ಬರೆಯಿತು ಎಂದೇ ವಿಚಾರಣೆಯಲ್ಲಿ ಹೇಳಿದ, ಅವರು ನಂಬಲಿಲ್ಲ.

ನಿನ್ನೆ ಫ್ರೇನಿಯ ಮನೆಗೆ ಹೋಗಿದ್ದೆ. ಕಾಲು ಹಿಡಿಯಲು ಹೋಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಆ ಬಕೆಟ್ ಪದ್ಧತಿಯಿಂದಲೇ ಹುಡುಗರು ಸುಳ್ಳು ಬರೆಯುತ್ತಿದ್ದರೆಂದು ನಿಮ್ಮ ಯಜಮಾನರು ಒಂದು ಮಾತು ಹೇಳಲಿ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಯ್ಯೋ ಹುಚ್ಚಿ, ಬಕೆಟ್ ನಮ್ದಲ್ಲಮ್ಮ. ಐವತ್ತಮೂರರಲ್ಲಿ ನಿಮ್ಮ ಮಾವನೇ ಶುರು ಮಾಡಿದ್ದು. ಮೊದಲ ಬಕೆಟ್ ಹೊತ್ತೋರು ನಮ್ಮನೆಯೋರೇ. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ! ಯಾವ ಮೂರ್ಖ ಕಂಡುಹಿಡಿದ ಪದ್ಧತಿ ಎಂದು ನಾನು ಜುಲೈನಲ್ಲಿ ನಿಮ್ಮನ್ನೇ ಕೇಳಿದ್ದೆ. "ಪದ್ಧತಿ ಹಳೆಯದು" ಎಂದು ಬರೆದಿರಿ. ನಾಚಿಕೆಯಾಗಲಿಲ್ಲವೇ?

ಈಗ ನನಗೆ ಪೂರ್ತಿ ಅರ್ಥವಾಗಿದೆ. ನಿಮಗೆ ಕ್ಷಿಪಣಿ ಕೊಡಿಸುವ ಶಕ್ತಿ ಇರಲಿಲ್ಲ. ಅದು ನಿಮ್ಮ ತಪ್ಪಲ್ಲ. ಹುಡುಗರು ಕುಗ್ಗಬಾರದೆಂದು ಕೈಯನ್ನು ದೊಡ್ಡದು ಮಾಡಿದಿರಿ. ಅದೂ ಇರಲಿ. ಆದರೆ ಕೈ ದೊಡ್ಡದಾಗಬೇಕಾದರೆ ಗನ್ನು ಎಂದೂ ಕೆಡಬಾರದಲ್ಲ? ಕೆಟ್ಟರೆ ಹೇಳಿದವನನ್ನು ನಗೆಪಾಟಲು ಮಾಡಿದಿರಿ. ಹನ್ನೆರಡು ವರ್ಷ ಗನ್ನುಗಳು ಆಕಾಶದಲ್ಲಿ ನಿಂತವು, ಪುಸ್ತಕದಲ್ಲಿ ಓಡಿದವು. ಆ ಪುಸ್ತಕ ನಂಬಿಯೇ ಲಾಹಿರಿ ಬೆನ್ನು ಒಡ್ಡಿದ್ದು. ಶತ್ರು ಹೊಡೆದದ್ದು ಆಮೇಲೆ. ಮೊದಲು ಹೊಡೆದದ್ದು ನೀವು.

ನಿಮ್ಮ ಮಗ ಈಗ ಊಟದ ಮನೆಗೆ ಹೋದರೆ ಅವನ ಮೇಜಿನಿಂದ ಎದ್ದು ಹೋಗುತ್ತಾರೆ. ಅವರ ಗನ್ನುಗಳೂ ನಿಂತಿದ್ದವು! ಅವರೂ ಅದನ್ನೇ ಬರೆದವರು! ಒಬ್ಬನೂ ಬಾಯಿ ಬಿಡುವುದಿಲ್ಲ.

ಇದನ್ನೆಲ್ಲ ನಿಮ್ಮ ಮುಖದ ಮುಂದೆ ಹೇಳಬೇಕು. ಹೇಳುತ್ತೇನೆ.

ಗುಣೀತ್

•

ಡೆಹ್ರಾಡೂನ್, ನಿಮ್ಮದೇ ಮನೆಯಿಂದ
10 ನವೆಂಬರ್ 1965

ದಾರ್‌ಜೀ,

ಎರಡು ಬಸ್ಸು ಬದಲಾಯಿಸಿ, ದಾರಿಯುದ್ದಕ್ಕೂ ಬೈಗುಳಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಬಂದೆ. ಬಂದರೆ ಬಾಗಿಲಿಗೆ ಬೀಗ! ಪಕ್ಕದ ಮನೆಯ ತ್ಯಾಗಿ ಅಮ್ಮನ ಹತ್ತಿರ ಬೀಗದ ಕೈ ಇತ್ತು. "ಸರ್ದಾರ್‌ಜೀ ನಿನ್ನೆ ಹೋದ್ರಲ್ಲಮ್ಮ, ಮಗನ ಹತ್ರ. ಯೂನಿಫಾರ್ಮ್ ಇಸ್ತ್ರಿ ಮಾಡಿಸ್ಕೊಂಡ್ರು. ಎರಡು ವಾರದಿಂದ ಸರಿಯಾಗಿ ಊಟಾನೂ ಮಾಡಿರ್ಲಿಲ್ಲ. ನೀವೇನಾ ಆ ಕಾಗದದ ಸೊಸೆ?" ಎಂದರು.

ನಾನೇ ಆ ಕಾಗದದ ಸೊಸೆ.

ವಿಚಾರಣೆ ಮುಗಿಯುವವರೆಗೆ ಗುನ್ನಿಯನ್ನು ಅಲ್ಲೇ ಇರಿಸಿಕೊಳ್ಳಿ ಎಂದು ತೇಜ್ ತ್ಯಾಗಿ ಅಮ್ಮನ ಮನೆಗೆ ಫೋನ್ ಮಾಡಿ ಹೇಳಿದ. ನೀವೂ ನಾನೂ ಒಂದೇ ಸೂರಿನಡಿ ಇದ್ದರೆ ಬಿಡಾರ ಉಳಿಯುವುದಿಲ್ಲವಂತೆ. ಸರಿ. ಆದ್ದರಿಂದ ಮುಖದ ಮುಂದೆ ಹೇಳಬೇಕಾದದ್ದನ್ನು ನಿಮ್ಮ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಬೈಯಲೆಂದೇ ಕೂತೆ. ಆದರೆ ನೀವು ಅಲ್ಲಿ ನಿಂತು ತಪ್ಪೆಲ್ಲ ನಿಮ್ಮದೆಂದು ಹೇಳಿಬಿಟ್ಟರೆ ನಾನು ಸುಳ್ಳಿಯಾಗುತ್ತೇನೆ. ಹಾಗಾಗಿ ಇದು.

ಆ ಜುಲೈ ಭಾನುವಾರ ಮನೆಗೆ ಬಂದು ನಾನು ತೇಜ್‌ನೊಂದಿಗೆ ಮಾತು ಬಿಟ್ಟೆ. ಅವನು ಕಾರಣ ಕೇಳಿದ. "ಇನ್ನೊಂದ್ ಸಲ ಆ ಬಕೆಟ್ ಹೊತ್ರೆ ನಾನು ಶಿಮ್ಲಾಕ್ ಹೋಗ್ತೀನಿ ನೋಡು. ಆ ಹೆಂಗಸರೆಲ್ಲ ನಂಗೆ ನಗ್ತಿದ್ರು" ಎಂದೆ. "ಗನ್ನು ನಿಂತ್ರೆ ಏನ್ಮಾಡ್ಲಿ?" ಎಂದ. "ಬರೀಬೇಡ! ಬೇರೆಯೋರು ಬರೀತಾರಾ?" ಎಂದೆ. ನನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡೆ. ಆಮೇಲೆ ಇಬ್ಬರೂ ನಕ್ಕೆವು. ಅಷ್ಟು ಸುಲಭವಾಗಿತ್ತು. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಅವನ ಗನ್ನು ಹನ್ನೊಂದು ಸಲ ನಿಂತಿದೆ. ಹನ್ನೊಂದು ಸಲವೂ ನನ್ನ ಆಣೆಗೆ ಕಟ್ಟುಬಿದ್ದು ಅವನು "ದೋಷವಿಲ್ಲ" ಎಂದು ಬರೆದ. ಹನ್ನೆರಡನೆಯದಕ್ಕೆ ಆಣೆ ಬೇಕಾಗಲಿಲ್ಲ, ಅಭ್ಯಾಸವಾಗಿತ್ತು. ಆ ಲಾಡು ಮಾತಾದೀನನ ಬಾಯಿ ಮುಚ್ಚಲು ಎಂದು ನನಗೆ ಗೊತ್ತಿತ್ತು. ಏಲಕ್ಕಿ ಜಾಸ್ತಿ ಹಾಕುತ್ತಿದ್ದೆ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಒಂದು ಗುಂಜಿಯೂ ಇಳಿದಿಲ್ಲ. ಆದರೆ ಅದರಲ್ಲಿ ಅರ್ಧ ನನ್ನ ಮೇಲಿನದು, ವಿಳಾಸ ಮಾತ್ರ ನಿಮ್ಮದು ಬರೆದಿದ್ದೆ.

ತೇಜ್ ಇದನ್ನು ವಿಚಾರಣೆಯಲ್ಲಿ ಹೇಳುವುದಿಲ್ಲ. ನನ್ನ ಹೆಸರು ಬರಬಾರದಂತೆ! ನೀವು ಹೇಳಿ. ನನ್ನ ಹೆಸರು ಹಾಕಿಯೇ ಹೇಳಿ.

ಗುನ್ನಿ

•

ಅಧಿಕಾರಿಗಳ ಬಿಡಾರ
26 ನವೆಂಬರ್ 1965

ಮಗಳೇ ಗುಣೀತ್,

ನಿನ್ನ ಕಾಗದವನ್ನು ವಿಚಾರಣೆಯ ಮುಂದಿಟ್ಟೆ. ನನ್ನ ಹೇಳಿಕೆಯನ್ನೂ ಕೊಟ್ಟೆ. ಬಕೆಟ್ ನನ್ನದು, ಹೆಮ್ಮೆಗೆ ಮಾಡಿದ್ದು, ಅದು ಸುಳ್ಳು ಕಲಿಸಿತು ಎಂದೆ. ಅಧ್ಯಕ್ಷರು ಎದ್ದು ನಿಂತು ಮರ್ಯಾದೆ ಮಾಡಿದರು. "ಸಾರ್, ನೀವು ತಂದೆ. ಅವರು ಹೆಂಡತಿ. ಇದನ್ನ ಸಾಕ್ಷಿ ಅಂತ ಹೆಂಗ್ ತಗೊಳ್ಳೋದು?" ಎಂದು ಎರಡನ್ನೂ ಬದಿಗಿಟ್ಟರು. ಚಹಾ ತರಿಸಿದರು. ನಾನು ಕುಡಿಯಲಿಲ್ಲ.

ಈಗ ನಿನಗೆ ಹೇಳಬೇಕಾದದ್ದು. ಅಕ್ಟೋಬರ್‌ನ ನಿನ್ನ ಕಾಗದಕ್ಕೆ ನಾನು ಉತ್ತರ ಬರೆಯದಿದ್ದದ್ದು ಕೋಪದಿಂದಲ್ಲ. ಹತ್ತಿರ ಹೋದವನು ಹೆದರಿದವನೇ ಎಂದು ಕೇಳಿದ್ದೆ. ಹದಿನೈದು ವರ್ಷ ಗುರಿ ಕಲಿಸಿದವನಿಗೆ ಅದಕ್ಕೆ ಉತ್ತರವಿರಲಿಲ್ಲ. ಬರ್ಮಾದಲ್ಲಿ ನನ್ನ ಗನ್ನೂ ನಿಂತಿತ್ತು. ನಾನೂ ಬರೆಯಲಿಲ್ಲ. ಅಲ್ಲಿ ಯಾರೂ ಸಾಯಲಿಲ್ಲ, ಅಷ್ಟೇ ವ್ಯತ್ಯಾಸ.

ನಿನ್ನೆ ಭರೂಚಾನ ಕಚೇರಿಗೆ ಹೋದೆ. ಅವನು ನನ್ನ ಶಿಷ್ಯ, ಈ ಕಡೆ ಅವನಿಗಿಂತ ಒಳ್ಳೆಯ ಗುರಿಯವನಿಲ್ಲ. "ರುಸ್ತಮ್, ಗನ್ನು ನಿಲ್ಲಲ್ಲ, ಕೈ ನಿಲ್ಲುತ್ತೆ ಅಂತೀಯಲ್ಲ, ಆ ಮೊದಲ ಬಕೆಟ್ ಆದ್ಮೇಲೆ ನಿನ್ನ ಕೈ ಯಾವತ್ತೂ ನಿಂತಿಲ್ವಲ್ಲ?" ಎಂದೆ. "ಇಲ್ಲ ಸಾರ್, ನಿಮ್ಮ ದಯೆ" ಎಂದ. "ಹಂಗಾದ್ರೆ ತೇಜ್‌ನ ವಿಮಾನ ತಗೊಂಡು ಹೋಗು. ನೆಲದ ಮೇಲಲ್ಲ, ಮೇಲೆ. ಮೈ ಐದು ಪಟ್ಟು ಭಾರ ಆಗೋ ಹಂಗೆ ತಿರುಗು. ಆ ತಿರುವಲ್ಲೇ ಹೊಡಿ." ಅವನು ನಕ್ಕ. "ಮುದುಕ್ರಾದ್ರೂ ಚುಚ್ಚೋದು ಬಿಟ್ಟಿಲ್ಲ ನೀವು" ಎಂದು ಹೆಲ್ಮೆಟ್ ತೆಗೆದುಕೊಂಡ. ವಿಚಾರಣೆಯ ಮೂವರಲ್ಲಿ ಕಿರಿಯನು ನೋಡಲು ಬಂದ. ದಳದ ಹುಡುಗರೆಲ್ಲ ಬಂದರು. ತೇಜ್ ದೂರದಲ್ಲಿ, ಬೆಂಕಿ ಆರಿಸುವ ಗಾಡಿಯ ಪಕ್ಕ ನಿಂತಿದ್ದ.

ಬೆಳಗಿನ ಹನ್ನೊಂದು ಗಂಟೆ, ಮೋಡವಿರಲಿಲ್ಲ. ಅವನ ತಿರುವು ನೋಡಲು ಚೆಂದ, ಚಾಕುವಿನಿಂದ ಹಣ್ಣು ಕೊಯ್ದಂತೆ. ಗನ್ನಿನ ಸದ್ದು ಕೇಳಿಸಿತು. ತುಂಬ ಚಿಕ್ಕದಾಗಿ ಕೇಳಿಸಿತು. ಮತ್ತೆ ತಿರುಗಿದ. ಸದ್ದಿಲ್ಲ. ಮೂರನೆಯ ಸಲ ತಿರುಗಿದ. ಸದ್ದಿಲ್ಲ.

ಇಳಿದ. ಬೆವತಿದ್ದ. ಮಾತಾದೀನ್ ಗನ್ನುಗಳ ಮುಚ್ಚಳ ತೆಗೆದ. ಎಡಗನ್ನು ಏಳು ಗುಂಡಿಗೆ ನಿಂತಿತ್ತು, ಗುಂಡಿನ ಸರಪಣಿ ಮಡಚಿಕೊಂಡಿತ್ತು. ಬಲಗನ್ನು ಬಾಯೇ ಬಿಟ್ಟಿರಲಿಲ್ಲ. ಎಲ್ಲರೂ ನೋಡಿದೆವು. ದೋಷಪುಸ್ತಕ ತಂದರು. ಭರೂಚಾ ಕೈಗವಸು ಹಲ್ಲಿನಿಂದ ಎಳೆದು, ಪೆನ್ನು ತೆಗೆದುಕೊಂಡು, ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ಬರೆದ. ಬರೆದು ಮಾತಾದೀನನ ಕೈಗೆ ಕೊಟ್ಟ.

ಮಾತಾದೀನ್ ಓದಿದ. ಪೆನ್ನು ಮುಚ್ಚಿ ಜೇಬಿಗಿಟ್ಟ.

"ಸಹಿ ಹಾಕು" ಎಂದ ಭರೂಚಾ.

"ಇಲ್ಲ ಸಾರ್."

"ಏನಂದೆ?"

"ದೋಷವಿಲ್ಲ ಅಂತ ಬರ್ದಿದ್ದೀರಿ ಸಾರ್. ಇದಕ್ಕೆ ನಾನು ಸಹಿ ಹಾಕಲ್ಲ. ಒಂಬತ್ತು ವರ್ಷ ಹಾಕ್ದೆ. ಲಾಹಿರಿ ಸಾಹೇಬ್ರ ದಿನವೂ ಹಾಕ್ದೆ. ಗುಂಡು ಸಿಕ್ಕೊಂಡಿತ್ತು, ಈ ಬೆರಳಲ್ಲೇ ಬಿಡಿಸ್ದೆ. ನೆನಪಿಲ್ಲ ಅಂದೆ. ನೆನಪಿದೆ ಸಾರ್. ಜೈಲಿಗ್ ಹಾಕಿ ಬೇಕಾದ್ರೆ."

ಭರೂಚಾ ಪುಸ್ತಕವನ್ನು ಕಿತ್ತುಕೊಂಡು ತಾನು ಬರೆದದ್ದನ್ನು ನೋಡಿದ. ಅವನ ಮುಖ ನೋಡಿದೆ ಗುಣೀತ್. ಅದು ಜಂಬವೋ ಅಭ್ಯಾಸವೋ ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ಹದಿನೈದು ಜನರ ಎದುರು, ತೆರೆದ ಗನ್ನಿನ ಮುಂದೆ, ಅವನ ಕೈ ತಾನಾಗಿ ಬರೆದಿತ್ತು. ವಿಚಾರಣೆಯ ಕಿರಿಯ ಅಧಿಕಾರಿ ಮೆಲ್ಲಗೆ "ಇದೇ ತಾನೇ ಆ ಹುಡುಗನೂ ಹೇಳಿದ್ದು?" ಎಂದ.

ಭರೂಚಾ ಆ ಸಾಲಿನ ಮೇಲೆ ಗೀಟು ಎಳೆದು "ಎಡಗನ್ನು ಏಳು ಗುಂಡಿಗೆ ನಿಂತಿತು, ಬಲಗನ್ನು ಹಾರಲೇ ಇಲ್ಲ" ಎಂದು ಬರೆದು ಕಚೇರಿಗೆ ನಡೆದ. ಆಗ ತೇಜ್ ಬಂದ. ಯಾರನ್ನೂ ಕೇಳದೆ ಪುಸ್ತಕ ತೆಗೆದುಕೊಂಡು ನೆಲದ ಮೇಲೆ ಕೂತ. ಜುಲೈನಿಂದ ಪುಟ ತಿರುವುತ್ತ, ತನ್ನ ಒಂದೊಂದು "ದೋಷವಿಲ್ಲ"ದ ಕೆಳಗೂ ನಿಜ ಬರೆದು ಆ ದಿನದ ತಾರೀಕು ಹಾಕಿದ. ಸುಳ್ಳು ದಾಖಲೆಗೆ ಶಿಕ್ಷೆ ಏನೆಂದು ನಾನು ಅವನಿಗೆ ನೆನಪಿಸಿದೆ. "ಗೊತ್ತು ಅಪ್ಪಾ, ಪೆನ್ನಲ್ಲಿ ಶಾಯಿ ಕಮ್ಮಿ ಇದೆ, ನಿಮ್ದು ಕೊಡಿ" ಎಂದ. ಹುಡುಗರಲ್ಲಿ ಒಬ್ಬ ಬಂದು ಅವನ ಪಕ್ಕ ಕೂತ. ಉಳಿದವರು ತಮ್ಮ ಶೂ ನೋಡಿಕೊಳ್ಳುತ್ತಿದ್ದರು.

ನನ್ನ ಪೆನ್ನು ಕೊಟ್ಟೆ.

ನೀನು ಬಾ.

ನಿನ್ನ ದಾರ್‌ಜೀ

•

ಅಧಿಕಾರಿಗಳ ಬಿಡಾರ
17 ಡಿಸೆಂಬರ್ 1965

ದಾರ್‌ಜೀ,

ನೀವು ಊರಿಗೆ ಮರಳಿದ ಮರುದಿನವೇ ಆದೇಶ ಬಂತು. ಧೈರ್ಯದ ವಿಷಯ ಕೈಬಿಟ್ಟಿದ್ದಾರೆ. ಒಂದೇ ವಾಕ್ಯ! ಕ್ಷಮೆ ಇಲ್ಲ, ಕಾರಣ ಇಲ್ಲ. ಸುಳ್ಳು ದಾಖಲೆಗೆ ತೇಜ್‌ನ ಆರು ತಿಂಗಳ ಹಿರಿತನ ಕಡಿತ. ರೆಕ್ಕೆಯ ಗುರುತು ಉಳಿಯಿತು. ನಾನು ಕುಣಿದೆ, ನಿಜವಾಗಿಯೂ ಮಂಚದ ಮೇಲೆ ಹತ್ತಿ ಕುಣಿದೆ. ಕೆಳಗಿನ ಸಾಲು ಓದಿ ಇಳಿದೆ. ಮಾತಾದೀನನ ತೋಳಿನ ದರ್ಜೆಯ ಒಂದು ಪಟ್ಟಿ ಕಿತ್ತಿದ್ದಾರೆ. ಭರೂಚಾ ಸಾಹೇಬರಿಗೆ ದಳದ ಶೌರ್ಯಕ್ಕಾಗಿ ಪದಕ. ಓದುತ್ತಿದ್ದ ಹಾಗೆ ನನ್ನ ಕೈಗೆ ಸಿಕ್ಕ ಹೂದಾನಿ ಗೋಡೆಗೆ ಹೋಯಿತು. ನೀವು ಕೊಟ್ಟದ್ದು. ಕ್ಷಮೆ ಕೇಳುವುದಿಲ್ಲ.

ತೇಜ್ ಮಂಗಳವಾರ ಮತ್ತೆ ಹಾರಿದ. ಇಳಿದು "ಬಲಗನ್ನು ಒಂಬತ್ತು ಗುಂಡಿಗೆ ನಿಂತಿತು" ಎಂದು ಬರೆದ. ವಿಮಾನವನ್ನು ರಿಪೇರಿಗೆ ನಿಲ್ಲಿಸಿದರು. ಬುಧವಾರ ಇನ್ನಿಬ್ಬರು ಬರೆದರು. ಗುರುವಾರದ ಹೊತ್ತಿಗೆ ಉಳಿದವರೂ ಬರೆದರು, ಶೂ ನೋಡಿಕೊಂಡವರೂ ಬರೆದರು. ಹದಿನಾಲ್ಕು ವಿಮಾನಗಳಲ್ಲಿ ಹತ್ತು ಮುಚ್ಚಳ ತೆರೆದುಕೊಂಡು ನಿಂತಿವೆ. ದೆಹಲಿಯಿಂದ ಫೋನಿನ ಮೇಲೆ ಫೋನು. ಪತ್ರಿಕೆಯವರಿಗೆ ತಿಳಿಯಬಾರದಂತೆ, ನೆರೆಯವರಿಗೆ ತಿಳಿಯಬಾರದಂತೆ. ಗನ್ನಿನ ಎಂಜಿನಿಯರುಗಳು ಮೊದಲ ಸಲ ಇಲ್ಲಿಗೆ ಬಂದು ಮಾತಾದೀನನ ಮುಂದೆ ಕೂತು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಪಟ್ಟಿ ಕಿತ್ತ ತೋಳಿನಲ್ಲೇ ಅವನು ತೋರಿಸುತ್ತಾನೆ.

ಇವತ್ತು ಬೆಳಿಗ್ಗೆ ಬೇಲಿಯ ಹತ್ತಿರ ನಿಂತು ಆ ಸಾಲು ನೋಡಿದೆ. ಸಂತೋಷಪಡಬೇಕೆಂದೇ ಹೋಗಿದ್ದೆ. ಹತ್ತು ವಿಮಾನ, ಬಿಸಿಲಿನಲ್ಲಿ, ಸುಮ್ಮನೆ. ಆಗಸ್ಟ್‌ನಲ್ಲಿ ಇವು ಹೀಗೆ ನಿಂತಿದ್ದರೆ ಲಾಹಿರಿ ಇವತ್ತು ಯಾರನ್ನೋ ನಗಿಸುತ್ತಿದ್ದ. ತೇಜ್ ಬಂದು "ಯಾಕ್ ಗುನ್ನಿ, ಏನಾಯ್ತು?" ಎಂದ. ಅವನ ಎದೆಗೆ ಗುದ್ದಿದೆ. ಗುದ್ದುತ್ತಲೇ ಇದ್ದೆ. ಅವನು ನಿಂತುಕೊಂಡ.

ಮನೆಗೆ ಬಂದು ಶುಕ್ಲಾಳಿಗೆ ಬರೆದೆ. ಮೂರು ಹಾಳೆ ಹರಿದೆ, ಎಲ್ಲದರಲ್ಲೂ ನಿಮ್ಮ ಹೆಸರು, ಭರೂಚಾ ಹೆಸರು, ದೆಹಲಿಯ ಹೆಸರು ಮೊದಲು ಬರುತ್ತಿತ್ತು. ನಾಲ್ಕನೆಯದನ್ನು ಅಂಚೆಗೆ ಹಾಕಿದ್ದೇನೆ. ಹೀಗಿದೆ:

"ಶುಕ್ಲಾ, ಗನ್ನು ನಿಂತಿತ್ತು. ಅದಕ್ಕೆ ಮುಂಚೆ ಹನ್ನೊಂದು ಸಲ ನಿಂತಿತ್ತು. ಬರೆಯಬೇಡ ಎಂದು ತೇಜ್‌ಗೆ ಹೇಳಿದವಳು ನಾನು. ನೀನು ಮುಟ್ಟಬೇಡ ಎಂದದ್ದು ಸರಿ, ಆದರೆ ತಪ್ಪು ಕಾರಣಕ್ಕೆ ಎಂದಿದ್ದೆ. ಸರಿಯಾದ ಕಾರಣ ಇದು."

ಗುನ್ನಿ